ಹದಿನೇಳನೇ ಕಲಮು

ಪುರಸಭೆಯ ಸಭಾಂಗಣದ ಬಾಗಿಲಲ್ಲಿ ನಿಲ್ಲುವವಳಿಗೆ ಕುರ್ಚಿ ಇಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲ. ಸದಸ್ಯರು ಒಳಗೆ ಕೂತಿರುವಷ್ಟು ಹೊತ್ತು ಅವಳು ಕೂರಕೂಡದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಯಾವತ್ತಾದರೂ ಯಾರಾದರೂ ತಿದ್ದುತ್ತಿದ್ದರೋ ಏನೋ.

ಎಲ್ಲರೂ ಅವಳನ್ನು ಬಾಗಿಲವ್ವ ಅನ್ನುತ್ತಿದ್ದರು. ಬೆಳಿಗ್ಗೆ ಆರಕ್ಕೆ ಬಂದು ಸಭಾಂಗಣ ಗುಡಿಸುವುದು, ಒರೆಸುವುದು. ಹದಿನೈದು ಮೇಜಿನ ಮೇಲೆ ಹದಿನೈದು ಲೋಟ ನೀರು ಇಡುವುದು. ಹತ್ತಕ್ಕೆ ಬಾಗಿಲು ತೆಗೆದು ಪಕ್ಕದಲ್ಲಿ ನಿಲ್ಲುವುದು. ಚಹಾ ಅಂದಾಗ ಚಹಾ, ಉಗುಳಿದ ಕಡೆ ನೆಲ ಒರೆಸು ಅಂದಾಗ ನೆಲ. ಸಭೆ ಮುಗಿಯುವ ಹೊತ್ತಿಗೆ ಮೊಣಕಾಲು ಬೇರೆ ಯಾರದೋ ಆಗಿರುತ್ತಿತ್ತು. ಮನೆಗೆ ಹೋಗುವಾಗ ಅವನ್ನು ಎಳೆದುಕೊಂಡು ಹೋಗುತ್ತಿದ್ದಳು.

ಆ ಪುರಸಭೆಯಲ್ಲಿ ಒಂದು ಹಳೇ ಕಟ್ಟಳೆ ಇತ್ತು. ಊರಿಗೆ ಹೊಸ ನಿಯಮ ತರಬೇಕಾದರೆ ಅದನ್ನು ಮೂರು ಸಭೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಬೇಕು. ಮೊದಲಿಂದ ಕೊನೇವರೆಗೂ. ನಡುವೆ ಏನಾದರೂ ಬದಲಾದರೆ ಮತ್ತೆ ಮೊದಲ ಓದು. ಮೂರನೇ ಓದು ಮುಗಿದ ಮೇಲೆ ಬಾಗಿಲು ಮುಚ್ಚಿ, ಅಗುಳಿ ಹಾಕಿ, ಕೈ ಎತ್ತಬೇಕು. ಬಾಗಿಲು ತೆರೆದಿದ್ದಾಗ ಎತ್ತಿದ ಕೈ ಲೆಕ್ಕಕ್ಕಿಲ್ಲ.

ಓದುವವನು ಗುಮಾಸ್ತ. ಬಡಕಲು ಮನುಷ್ಯ, ದಪ್ಪ ಕನ್ನಡಕ, ಕಂಚಿನಂಥ ಗಂಟಲು. ಅವನು ಓದುವಾಗ ಒಬ್ಬ ಸದಸ್ಯ ಹಲ್ಲು ಚುಚ್ಚಿಕೊಳ್ಳುವನು, ಇನ್ನೊಬ್ಬ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುವನು, ಉಳಿದವರು ಫೋನು ತಿಕ್ಕುವರು. ಕೇಳುವವಳು ಒಬ್ಬಳೇ. ಬಾಗಿಲಿಗೆ ಒರಗಿಕೊಂಡು, ಕಣ್ಣು ಮುಚ್ಚಿ.

ಅವಳಿಗೆ ಓದು ಬರಹ ಬಾರದು. ಅವಳ ಅಪ್ಪನಿಗೂ ಬರುತ್ತಿರಲಿಲ್ಲ. ಅಪ್ಪ ಹಗಲೆಲ್ಲ ಮೂಟೆ ಹೊರುವವನು. ಸಂಜೆ ಕಾಲು ತೊಳೆದು ಕೂತರೆ ದೇವರ ಪದ ಹೇಳುವವನು. ನೂರಾರು ಪದ, ಎಲ್ಲಾ ಬಾಯಲ್ಲೇ. ಅವನು ಅರ್ಧ ಸಾಲು ಹೇಳಿದರೆ ಮಿಕ್ಕ ಅರ್ಧ ಮಗಳು ಹೇಳಬೇಕು. ದಣಿವಿನಲ್ಲಿ ಅಪ್ಪ ಎಲ್ಲಾದರೂ ಒಂದು ಸಾಲು ಹಾರಿಸಿದರೆ, "ಅಪ್ಪಾ, ಒಂದು ಬಿಟ್ಟೆ" ಅನ್ನಬೇಕು. ಅವನು ಕೆನ್ನೆ ತಟ್ಟಿಕೊಂಡು ಮತ್ತೆ ಮೊದಲಿಂದ ಶುರುಮಾಡುವನು. "ಸಾಲು ನುಂಗಿದರೆ ದೇವರೆದುರು ಸುಳ್ಳು ಹೇಳಿದ ಹಾಗೆ ಕಣವ್ವಾ" ಅನ್ನುವನು.

ಹಾಗೆ ಬೆಳೆದ ಕಿವಿ. ಗುಮಾಸ್ತ ಓದುವುದೂ ಅವಳಿಗೆ ಪದದ ಹಾಗೇ ಕೇಳುತ್ತಿತ್ತು. ಒಂದೊಂದು ಕಲಮೂ 'ಕೂಡದು' ಇಲ್ಲವೇ 'ತಕ್ಕದ್ದು' ಅಂತ ಮುಗಿಯುವುದು. ಇರತಕ್ಕದ್ದು, ಇಡತಕ್ಕದ್ದು, ಕೊಡತಕ್ಕದ್ದು. ಒಳ್ಳೇ ಪಲ್ಲವಿ. ನೆನಪಿಟ್ಟುಕೊಳ್ಳಬೇಕು ಅಂತ ಅವಳು ಇಟ್ಟುಕೊಂಡವಳಲ್ಲ. ಕೂರುತ್ತಿತ್ತು, ಅಷ್ಟೇ.

ಆ ವರ್ಷ ಎರಡು ನಿಯಮ ಒಟ್ಟಿಗೆ ಬಂದವು. ಒಂದು ಸುರಕ್ಷತೆಯದು. ಕಟ್ಟಡ, ಬೆಂಕಿ, ಮೆಟ್ಟಿಲು, ಬಾಗಿಲು. ಇನ್ನೊಂದು ಸಾಕುಪ್ರಾಣಿಯದು. ನಾಯಿಗೆ ನಂಬರು ಬಿಲ್ಲೆ ಇರಬೇಕು. ಗೂಡಿಗೆ ನೆರಳು ಬೇಕು. ನೀರು ದಿನಕ್ಕೆ ಎರಡು ಸಲ ಬದಲಿಸಬೇಕು. ಮಲಗಲಾಗದ ಹಾಗೆ ಗಿಡ್ಡ ಹಗ್ಗದಲ್ಲಿ ಕಟ್ಟಿ ನಾಯಿಯನ್ನು ನಾಲ್ಕು ಗಂಟೆ ಮೀರಿ ನಿಲ್ಲಿಸಕೂಡದು. ಇದನ್ನು ಮೊದಲ ಸಲ ಕೇಳಿದಾಗ ಬಾಗಿಲವ್ವನ ಮೊಣಕಾಲು ನಕ್ಕಿತು. ಅವಳು ನಗಲಿಲ್ಲ.

ಅವಳು ಕಾಯುತ್ತಿದ್ದದ್ದು ಹದಿನೇಳನೇ ಕಲಮಿಗೆ.

ಅವಳ ಅಳಿಯ ಪುರಸಭೆಗೆ ನಾಯಿ ಹಿಡಿಯುತ್ತಿದ್ದ. ದಿನಗೂಲಿ. ಒಂದು ಬಲೆ, ತುದಿಗೆ ಕುಣಿಕೆ ಕಟ್ಟಿದ ಒಂದು ಕೋಲು, ಬರಿಗೈ. ಎರಡು ವರ್ಷದ ಕೆಳಗೆ ಒಂದು ಹುಚ್ಚುನಾಯಿ ಅವನ ಮುಂಗೈ ಕಚ್ಚಿತು. ಹಲ್ಲು ಮೂಳೆಗೆ ತಾಕಿತ್ತು. ಮೋರಿಗೆ ಹಾಕುವ ಪುಡಿಯಲ್ಲಿ ತೊಳೆದು ಕಳಿಸಿದರು. ಆಸ್ಪತ್ರೆಯವರು ಪುರಸಭೆಯ ಪತ್ರ ತಾ ಅಂದರು. ಪುರಸಭೆಯ ಆರೋಗ್ಯ ಸಾಹೇಬರು, ಇವನು ನಮ್ಮ ಕೆಲಸಗಾರ ಹೌದೋ ಅಲ್ಲವೋ ನೋಡಬೇಕು ಅಂದರು. ನೋಡಿದರು. ಹದಿನೆಂಟು ದಿನ ನೋಡಿದರು. ಪತ್ರಕ್ಕೆ ಸಹಿ ಬಿದ್ದ ದಿನ ಬಾಗಿಲವ್ವ ಮನೆಗೆ ಓಡಿದಳು. ಅಳಿಯ ಮೂಲೆಯಲ್ಲಿ ಮುದುರಿ ಕೂತಿದ್ದ. ಮಗಳು ಲೋಟದಲ್ಲಿ ನೀರು ಹಿಡಿದಿದ್ದಳು. ಅವನು ಲೋಟ ನೋಡಿ ಗೋಡೆಗೆ ಅಂಟಿಕೊಂಡ. ಗಂಟಲು ಸೆಟೆಯಿತು. ಬಾಯಿಂದ ಜೊಲ್ಲು. ಆಮೇಲೆ ಮೂರು ದಿನ. ಆ ಮೂರು ದಿನದ ಮಾತು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಈಗ ಆ ಬಲೆ ಮಗಳ ಕೈಯಲ್ಲಿದೆ. ಗಂಡನ ಕೆಲಸ ಹೆಂಡತಿಗೆ ಕೊಟ್ಟೆವು, ದೊಡ್ಡ ಮನಸ್ಸು ಮಾಡಿದೆವು ಅಂದರು. ಮಗಳು ದಿನಾ ಬೆಳಿಗ್ಗೆ ಹಳೇ ಸೈಕಲ್ ಟ್ಯೂಬು ಸೀಳಿದ ಪಟ್ಟಿಗಳನ್ನು ಬೆರಳಿಂದ ಮೊಣಕೈವರೆಗೆ ಸುತ್ತಿಕೊಳ್ಳುತ್ತಾಳೆ. ಗಂಟು ಹಾಕುವವಳು ತಾಯಿ. ಸಂಜೆ ಬಿಚ್ಚುವವಳೂ ತಾಯಿ. ಬಿಚ್ಚುವಾಗ ಒಂದೊಂದೇ ಬೆರಳು ತಿರುಗಿಸಿ ನೋಡುತ್ತಾಳೆ. ಗೀರು ಇದೆಯಾ, ತೂತು ಇದೆಯಾ.

"ಏನಿಲ್ಲ ಬಿಡವ್ವಾ" ಅನ್ನುತ್ತಾಳೆ ಮಗಳು. "ನನ್ನ ಕಂಡರೆ ನಾಯಿಗಳೇ ಬಂದು ಗಾಡಿ ಹತ್ತುತ್ತವೆ. ಬೀದಿಗಿಂತ ಅದೇ ವಾಸಿ ಅಂತ."

ಆ ಹದಿನೇಳನೇ ಕಲಮು ಬರೆದವರು ದನದ ಡಾಕ್ಟರು. ಅಳಿಯನ ಹೆಣ ಎತ್ತುವಾಗ ಬಂದಿದ್ದ ಏಕೈಕ ದೊಡ್ಡ ಮನುಷ್ಯ. ಮೊದಲ ಓದಿನಲ್ಲಿ ಅದು ಬಂದಾಗ ಬಾಗಿಲವ್ವ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಎರಡನೇ ಓದಿನಲ್ಲಿ ಗುಮಾಸ್ತನ ಜತೆ ತುಟಿ ಆಡಿಸಿದಳು. ಆವತ್ತು ಸಂಜೆ ಮಗಳ ಕೈ ಬಿಚ್ಚುತ್ತಾ ಪೂರ್ತಿ ಹೇಳಿದಳು. ಮಗಳು ಕೇಳಿಸಿಕೊಂಡು, "ಇನ್ನೊಂದು ಸಲ ಹೇಳು" ಅಂದಳು. ಅಷ್ಟೇ. ಎರಡು ಸಲ ಹೇಳಿಸಿದಳು.

ಮೂರನೇ ಓದಿಗೆ ಮುಂಚೆ ದನದ ಡಾಕ್ಟರಿಗೆ ದೂರದ ಊರಿಗೆ ವರ್ಗವಾಯಿತು.

ಮೂರನೇ ಸಭೆ. ಹತ್ತು ಗಂಟೆ. ಮೊದಲು ಸುರಕ್ಷತೆ. ಗುಮಾಸ್ತ ಓದಿದ. ಬಾಗಿಲವ್ವ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಹದಿನೈದು ಕೈ ಮೇಲೆ ಹೋದವು. ಅಗುಳಿ ತೆಗೆದಳು. ಚಹಾ ಕೊಟ್ಟಳು. ಆಮೇಲೆ ಸಾಕುಪ್ರಾಣಿ.

ಗಂಟೆ ಒಂದಾಗುತ್ತಾ ಬಂದಿತ್ತು. ಎಡ ಮೊಣಕಾಲು ಉರಿಯುತ್ತಿತ್ತು. ಗುಮಾಸ್ತ ಹದಿನಾರಕ್ಕೆ ಬಂದ. "ಸಾಕಿದ ನಾಯಿಯನ್ನು ಬೀದಿಗೆ ತರುವಾಗ ಆರು ಅಡಿ ಮೀರದ ಸರಪಳಿ ಹಾಕಿರತಕ್ಕದ್ದು." ಬಾಗಿಲವ್ವ ಉಸಿರು ಹಿಡಿದಳು.

"ಹದಿನೇಳು. ಸತ್ತ ಪ್ರಾಣಿಯನ್ನು ಬೀದಿಯಲ್ಲಾಗಲಿ ಮೋರಿಯಲ್ಲಾಗಲಿ ಎಸೆಯಕೂಡದು."

ಅವಳು ಕಣ್ಣು ಬಿಟ್ಟಳು. ಅದು ಹದಿನೆಂಟು. ನನ್ನ ಕಿವಿಯೇ ಮಂಕಾಯಿತಾ ಅಂದುಕೊಂಡಳು. ಬೆರಳು ಮಡಿಸಿದಳು. ಗುಮಾಸ್ತ ಓಡುತ್ತಿದ್ದ. ಹದಿನೆಂಟು ಅಂದ, ಅದು ಹತ್ತೊಂಬತ್ತು. ಇಪ್ಪತ್ಮೂರಕ್ಕೆ ಮುಗಿಸಿಬಿಟ್ಟ. ಇಪ್ಪತ್ನಾಲ್ಕು ಇರಬೇಕು.

ಅಧ್ಯಕ್ಷರು ಆಕಳಿಸಿದರು. "ಊಟದ ಹೊತ್ತಾಯ್ತು. ಬಾಗಿಲು ಹಾಕು."

ಬಾಗಿಲವ್ವ ಅಲ್ಲಾಡಲಿಲ್ಲ.

"ಏ, ಬಾಗಿಲು."

"ಒಂದು ಬಿಟ್ಟರು ಸಾರ್" ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯೊಳಗೆ ಅವಳ ದನಿ ಕೇಳಿದ್ದು ಅದೇ ಮೊದಲು. ದನಿ ತೆಳ್ಳಗಿತ್ತು. ಮುಂದಿನ ಸಾಲಿನವರಿಗೆ ನಾಯಿ ಮರಿ ಕುಂಯ್ಗುಟ್ಟಿದ ಹಾಗೆ ಕೇಳಿರಬೇಕು, ಕೆಳಗೆ ನೋಡಿದರು.

"ಏನು ಬಿಟ್ಟರು?"

"ಹದಿನೇಳನೇದು. ಸರಪಳಿ ಆದಮೇಲೆ ಕೈಗವಸು. ಅದಾದಮೇಲೆ ಸತ್ತ ಪ್ರಾಣಿ. ನಡುವಿಂದು ಹಾರಿಸಿದರು."

ಯಾರೋ ನಕ್ಕರು. ಬಿಳಿ ನಾಯಿ ಸಾಕಿಕೊಂಡಿದ್ದ ಸದಸ್ಯೆಯೊಬ್ಬರಿದ್ದರು, ಈ ನಿಯಮ ಬೇಕು ಅಂತ ಕೂತವರು ಅವರೇ. ಅವರು ಅನುಕಂಪದ ದನಿಯಲ್ಲಿ ಕೇಳಿದರು, "ಓದೋಕೆ ಬರುತ್ತೇನಮ್ಮಾ ನಿನಗೆ?"

"ಇಲ್ಲ ಮೇಡಂ."

"ಮತ್ತೆ ಹೇಗೆ ಗೊತ್ತು?"

"ಓದಿದ್ದು ಕೇಳಿದೀನಲ್ಲ. ಎರಡು ಸಲ."

ಗೋಡೆ ಬದಿಯ ಕುರ್ಚಿಯಲ್ಲಿದ್ದ ಆರೋಗ್ಯ ಸಾಹೇಬರು ಎದ್ದರು. "ಇದು ಕಥೆ ಹೇಳೋ ಜಾಗ ಅಲ್ಲ. ಕಾಗದದಲ್ಲಿ ಇರೋದನ್ನ ಓದಿದಾರೆ. ನೀನು ನಿನ್ನ ಕೆಲಸ ನೋಡು."

"ಕಾಗದ ಬದಲಾಗಿದ್ದರೆ ಮತ್ತೆ ಮೊದಲ ಓದು ಆಗಬೇಕು ಸಾರ್. ಕಟ್ಟಳೆ."

ಈಗ ಯಾರೂ ನಗಲಿಲ್ಲ. ಹಲ್ಲು ಚುಚ್ಚಿಕೊಳ್ಳುತ್ತಿದ್ದವನ ಕೈ ಬಾಯಲ್ಲೇ ನಿಂತಿತು. ಅಧ್ಯಕ್ಷರು ಗುಮಾಸ್ತನ ಕಡೆ ತಿರುಗಿದರು. "ಏನಯ್ಯಾ? ಇತ್ತಾ ಅಂಥದ್ದು?"

ಗುಮಾಸ್ತ ಕನ್ನಡಕ ತೆಗೆದು ಒರೆಸಿದ. "ನನ್ನ ಮುಂದಿರೋ ಪ್ರತಿಯಲ್ಲಿ ಇಲ್ಲ ಸಾರ್."

"ಹಿಂದಿನ ಪ್ರತಿ?"

"ಕಡತದಲ್ಲಿ... ಕಡತ ಆರೋಗ್ಯ ಶಾಖೆಯಲ್ಲಿದೆ ಸಾರ್."

ಸಾಹೇಬರು ಅಧ್ಯಕ್ಷರ ಕಿವಿಗೆ ಬಗ್ಗಿದರು. ಪಿಸುಮಾತು. ಆದರೆ ಬಾಗಿಲಲ್ಲಿ ನಿಂತು ನಿಂತು ಅವಳ ಕಿವಿಗೆ ಪಿಸುಮಾತೂ ಮಾತೇ. "ಅದನ್ನ ಇಟ್ಟುಕೊಂಡರೆ ಹೋದವನ ಸಾವೂ ನಮ್ಮ ತಲೆಗೇ ಬರುತ್ತೆ. ಇವಳ ಅಳಿಯ ಅವನು. ಅದಕ್ಕೇ ಈ ನಾಟಕ."

ಅಧ್ಯಕ್ಷರಿಗೆ ಅರ್ಥವಾಯಿತು. ಮುಖ ಗಂಟಿಕ್ಕಿತು. "ಸರಿ. ಬಾಗಿಲು ಹಾಕಮ್ಮ."

"ಹಾಕಲ್ಲ."

"ಏನಂದೆ?"

"ಹಾಕಬಾರದು ಸಾರ್. ನೀವೇ ಈಗ ತಾನೇ ಕೈ ಎತ್ತಿದಿರಿ." ಅವಳು ಕಣ್ಣು ಮುಚ್ಚಿದಳು. ದನಿ ಬದಲಾಯಿತು. ಗುಮಾಸ್ತನದೇ ಏರಿಳಿತ, ಅಪ್ಪನ ಉಸಿರು. "ಸುರಕ್ಷತೆ. ಕಲಮು ಒಂಬತ್ತು. ಹತ್ತು ಜನಕ್ಕಿಂತ ಹೆಚ್ಚು ಸೇರಿರುವ ಯಾವುದೇ ಕೋಣೆಯ ಬಾಗಿಲಿಗೆ, ಜನ ಒಳಗಿರುವಾಗ, ಅಗುಳಿಯಾಗಲಿ ಬೀಗವಾಗಲಿ ಹಾಕಕೂಡದು. ಬಾಗಿಲು ಸದಾ ತೆರೆಯುವಂತೆ ಇರತಕ್ಕದ್ದು."

ಹಿಂದಿನ ಸಾಲಿನ ಮುದುಕ ಸದಸ್ಯ ಎಚ್ಚರಾಗಿದ್ದ. "ಹಂಗೆ ಪಾಸು ಮಾಡಿದೀವಾ?" ಅಂತ ಪಕ್ಕದವನನ್ನು ಕೇಳಿದ.

"ಮಾಡಿದ ಹಂಗಿದೆ" ಅಂದ ಪಕ್ಕದವನು.

"ಯಾರೂ ಹೇಳಲೇ ಇಲ್ಲವಲ್ಲಯ್ಯಾ."

"ಓದಿದರಂತೆ."

ಅಧ್ಯಕ್ಷರ ಕಿವಿ ಕೆಂಪಾದವು. ಸಾಹೇಬರು ದಡದಡ ಬಂದು ಬಾಗಿಲ ರೆಕ್ಕೆಗೆ ಕೈ ಹಾಕಿದರು. ತಾವೇ ಮುಚ್ಚಲು. ಬಾಗಿಲವ್ವ ಆಗ ಏನೂ ಯೋಚಿಸಲಿಲ್ಲ. ಮೊಣಕಾಲು ಸಾಕು ಅಂದಿತು. ಅವಳು ಹೊಸ್ತಿಲ ಮೇಲೆ ಕೂತುಬಿಟ್ಟಳು.

ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಬಾಗಿಲ ರೆಕ್ಕೆ ಬಂದು ಮೊಣಕಾಲಿನ ಮೂಳೆಗೆ ಬಡಿಯಿತು. ಅವಳು ತುಟಿ ಕಚ್ಚಿದಳು. ಕಾಲು ಎಳೆದುಕೊಳ್ಳಲಿಲ್ಲ. ಸಾಹೇಬರು ಇನ್ನೊಂದು ಸಲ ತಳ್ಳಿದರು. ಮೆತ್ತಗೆ. ಹದಿನೈದು ಜನ ನೋಡುತ್ತಿದ್ದರು.

"ಏಳು. ಸದಸ್ಯರೆದುರು ಕೂರ್ತೀಯಾ?"

"ನಿಂತು ನಿಂತು ಸಾಕಾಗಿದೆ ಸಾರ್."

ಅವಳು ಅದನ್ನು ಜಗಳಕ್ಕೆ ಅಂದದ್ದಲ್ಲ. ನಿಜ ಅಂದಳು. ಹೊಸ್ತಿಲು ತಣ್ಣಗಿತ್ತು. ಇಷ್ಟು ವರ್ಷ ಇದನ್ನು ಒರೆಸಿದ್ದಳು, ಇದು ಹೀಗೆ ತಣ್ಣಗಿರುತ್ತದೆ ಅಂತ ಗೊತ್ತಿರಲಿಲ್ಲ.

ಹೊರಗೆ ಅಂಗಳದಲ್ಲಿ ನಲ್ಲಿಗೆ, ಮನೆ ಕಾಗದಕ್ಕೆ, ಹುಟ್ಟು ಸಾವಿನ ಚೀಟಿಗೆ ಕಾಯುತ್ತಿದ್ದ ಜನ ಒಬ್ಬೊಬ್ಬರೇ ಹತ್ತಿರ ಬಂದರು. ಸಾಹೇಬರು ಅವರ ತಲೆ ಮೇಲಿಂದ ಕೂಗಿದರು. "ನಾಯಿ ಗಾಡಿಯವಳು ಎಲ್ಲಿ? ಕರೀರಿ ಅವಳನ್ನ. ಬಂದು ಅವಳವ್ವನ್ನ ಎತ್ತಿಕೊಂಡು ಹೋಗಲಿ."

ಮಗಳು ಗಾಡಿಯ ನೆರಳಲ್ಲಿ ಕೂತಿದ್ದಳು. ಬೆಳಗಿನ ಸುತ್ತು ಮುಗಿಸಿ ಬಂದಿದ್ದಳು. ಗಾಡಿಯೊಳಗೆ ನಾಲ್ಕು ನಾಯಿ. ಎದ್ದು ಬಂದಳು. ಮೈಯೆಲ್ಲ ನಾಯಿ ವಾಸನೆ. ಜನ ಜಾಗ ಬಿಟ್ಟರು, ಮರ್ಯಾದೆಗಲ್ಲ. ಕೈತುಂಬ ಕಪ್ಪು ಟ್ಯೂಬಿನ ಪಟ್ಟಿ. ತಾಯಿ ಕಟ್ಟಿದ ಗಂಟು ಬೆಳಗಿನಿಂದ ಹಾಗೇ ಇತ್ತು.

ಹೊಸ್ತಿಲ ಮೇಲೆ ಕೂತ ತಾಯಿಯನ್ನು ನೋಡಿದಳು. ಅವಳೂ ಹುಟ್ಟಿದಾಗಿಂದ ನೋಡಿರದ ನೋಟ.

"ಏನವ್ವಾ?"

"ಒಂದು ಬಿಟ್ಟರು" ಅಂದಳು ತಾಯಿ.

"ಯಾವುದು?"

"ನಿಂದು."

ಸಾಹೇಬರು ಬೆರಳು ತೋರಿಸಿದರು. "ಎಬ್ಬಿಸು. ಏಳದಿದ್ದರೆ ಎತ್ತಿಕೊಂಡು ಹೋಗು. ಇದೇ ಕೆಲಸ ತಾನೇ ನಿಂದು? ಈಗ ಮಾಡದಿದ್ದರೆ ನಾಳೆಯಿಂದ ಬಲೆ ಮುಟ್ಟಬೇಡ. ನಿಮ್ಮಿಬ್ಬರ ಮನೆ ಒಲೆ ಹೇಗೆ ಉರಿಯುತ್ತೋ ನೋಡ್ತೀನಿ."

ಮಗಳು ಬಗ್ಗಿದಳು. ತಾಯಿಯ ತೋಳಿಗೆ ಕೈ ಚಾಚಿದಳು. ಅರ್ಧದಲ್ಲಿ ನಿಲ್ಲಿಸಿ ಸಾಹೇಬರನ್ನು ನೋಡಿದಳು.

"ಕೈಗವಸು ಕೊಡಿ ಸಾರ್."

"ಏನು?"

"ಬರಿಗೈಲಿ ಹೇಗೆ ಎತ್ತಲಿ? ಕಚ್ಚಿದರೆ?"

ಹೊರಗಿನ ಗುಂಪಿನಲ್ಲಿ ಒಬ್ಬ ಕಿಸಕ್ಕಂದ. ಆಮೇಲೆ ಇನ್ನಿಬ್ಬರು. ಮಗಳು ನಗಲಿಲ್ಲ. "ಕಚ್ಚಿದರೆ ಪತ್ರ ಕೊಡೋಕೆ ಎಷ್ಟು ದಿನ ತಗೋತೀರಿ?" ಅಂತ ಕೇಳಿದಳು. ದನಿ ಏರಿಸಲಿಲ್ಲ. ನಲ್ಲಿ ನೀರು ಎಷ್ಟು ಗಂಟೆಗೆ ಬರುತ್ತೆ ಅಂತ ಕೇಳಿದ ಹಾಗೆ ಕೇಳಿದಳು. ತಾಯಿಯ ಪಕ್ಕ ಹೊಸ್ತಿಲಲ್ಲಿ ಉಳಿದಿದ್ದ ಜಾಗದಲ್ಲಿ ಕೂತಳು. ಬಾಗಿಲು ಈಗ ಪೂರಾ ತುಂಬಿತು.

ಅಧ್ಯಕ್ಷರು ಮೇಜು ಗುದ್ದಿದರು. "ಲೇ ಗುಮಾಸ್ತಾ, ಹದಿನಾರರಿಂದ ಇನ್ನೊಂದು ಸಲ ಓದಯ್ಯಾ. ಇಷ್ಟು ಜನ ಕೇಳಲಿ. ಕಾಗದದಲ್ಲಿ ಇಲ್ಲ ಅಂತ ಇವಳಿಗೆ ಗೊತ್ತಾಗಲಿ. ಮುಗಿಸಿ ಎದ್ದು ಹೋಗೋಣ."

ಗುಮಾಸ್ತ ಎದ್ದ. ಕಾಗದ ಕೈಗೆತ್ತಿಕೊಂಡ. ಎರಡು ವರ್ಷದ ಕೆಳಗೆ ಆ ಅಳಿಯನ ಪತ್ರ ಬೆರಳಚ್ಚು ಮಾಡಿದವನೂ ಅವನೇ. ಕಚ್ಚಿದ ದಿನವೇ ಮಾಡಿದ್ದ. ಸಹಿಗೆ ಕಳಿಸಿದ್ದ. ಸಹಿಯಾಗಿ ಬರುವವರೆಗೂ ದಿನಾ ಬೆಳಿಗ್ಗೆ ಈ ಹೆಂಗಸು ಅವನ ಮೇಜಿನ ಮುಂದೆ ಬಂದು, ಏನೂ ಕೇಳದೆ, ನೀರಿನ ಲೋಟ ಇಟ್ಟು ಹೋಗುತ್ತಿದ್ದಳು.

"ಹದಿನಾರು" ಅಂದ. "ಸಾಕಿದ ನಾಯಿಯನ್ನು ಬೀದಿಗೆ ತರುವಾಗ ಆರು ಅಡಿ ಮೀರದ ಸರಪಳಿ ಹಾಕಿರತಕ್ಕದ್ದು."

ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡ. ಲೋಟ ಎತ್ತಿ ನೀರು ಕುಡಿದ. ಅಂಗಳದಲ್ಲಿ ಗಾಡಿಯೊಳಗಿನ ನಾಯಿಯೊಂದು ಬೊಗಳಿ ಸುಮ್ಮನಾಯಿತು.

ಹೊಸ್ತಿಲಿಂದ ಬಾಗಿಲವ್ವ ಶುರುಮಾಡಿದಳು. ಕಣ್ಣು ಮುಚ್ಚಿ, ಮಗಳ ರಬ್ಬರು ಕೈ ಹಿಡಿದುಕೊಂಡು.

"ಹದಿನೇಳು. ಪುರಸಭೆಯ ಪರವಾಗಿ ನಾಯಿ ಹಿಡಿಯುವ, ಸಾಗಿಸುವ ಪ್ರತಿಯೊಬ್ಬ ಕೆಲಸಗಾರನಿಗೂ, ಅವನು ಕಾಯಂ ಆಗಿರಲಿ ದಿನಗೂಲಿ ಆಗಿರಲಿ, ಮೊಣಕೈ ಮುಟ್ಟುವ ಚರ್ಮದ ಕೈಗವಸು ಕೊಡತಕ್ಕದ್ದು..."

ಅಲ್ಲಿ ತಡೆದಳು. ಮರೆತಿರಲಿಲ್ಲ. ಅರ್ಧ ಹೇಳಿ ಬಿಟ್ಟುಕೊಡುವುದು ಹಳೇ ಅಭ್ಯಾಸ.

ಗುಮಾಸ್ತ ಕಾಗದ ನೋಡುತ್ತಿದ್ದ. ಕಾಗದದಲ್ಲಿ ಏನೂ ಇರಲಿಲ್ಲ. ಅವನ ತುಟಿ ಅಲ್ಲಾಡಿತು. ಎರಡು ಸಲ ಬೆರಳಚ್ಚು ಮಾಡಿದ ಕೈ, ಎರಡು ಸಲ ಓದಿದ ನಾಲಿಗೆ.

"...ಕಚ್ಚಿದ ದಿನವೇ" ಅಂದ. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಆ ಕಂಚಿನ ಗಂಟಲು ತೆರೆಯಿತು. "ಕಚ್ಚಿದ ದಿನವೇ, ಯಾವ ಪತ್ರವನ್ನೂ ಕೇಳದೆ, ಚುಚ್ಚುಮದ್ದು ಹಾಕಿಸತಕ್ಕದ್ದು."

"ಕೂತ್ಕೊಳಯ್ಯಾ" ಅಂದರು ಅಧ್ಯಕ್ಷರು.

ಗುಮಾಸ್ತ ಕೂತ. ಕಾಗದಗಳನ್ನು ಮಗುಚಿ ಇಟ್ಟ. ಇನ್ನು ಮುಖ ಎತ್ತಲಿಲ್ಲ.

"ಸಭೆ ಮುಂದಕ್ಕೆ ಹಾಕಿದೆ."

ಕೈ ಎತ್ತುವುದು ಆವತ್ತು ಆಗಲಿಲ್ಲ. ಕುರ್ಚಿಗಳು ಕಿರುಗುಟ್ಟಿದವು. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಸುರಕ್ಷತೆಯ ನಾಲ್ಕನೇ ಕಲಮಿನ ಪ್ರಕಾರ ಎರಡಿರಬೇಕಿತ್ತು. ಸದಸ್ಯರು ಬಂದು ಬಾಗಿಲಲ್ಲಿ ಸಾಲಾಗಿ ನಿಂತರು. ಬಿಳಿ ನಾಯಿಯ ಸದಸ್ಯೆ ಬಟ್ಟೆ ಎತ್ತಿ ಹಿಡಿದು, "ಸ್ವಲ್ಪ ಸರೀತೀರಾ?" ಅಂದರು. ತಾಯಿ ಮಗಳು ಒಂದೊಂದು ಮಂಡಿ ಸರಿಸಿದರು. ಒಬ್ಬರು ಹೋಗುವಷ್ಟು. ಒಬ್ಬೊಬ್ಬರೇ ಓರೆಯಾಗಿ, ಹೊಟ್ಟೆ ಒಳಗೆಳೆದುಕೊಂಡು ದಾಟಿದರು. ಮುದುಕ ಸದಸ್ಯ ದಾಟುವಾಗ ಬಿದ್ದಾನು ಅಂತ ಮಗಳು ಕೈ ಕೊಟ್ಟಳು. ಅವನು ಆ ರಬ್ಬರು ಕೈಯನ್ನು ನೋಡಿದ. ಹಿಡಿದುಕೊಳ್ಳಲಿಲ್ಲ. ಚೌಕಟ್ಟು ಹಿಡಿದು ದಾಟಿದ.

ಕೊನೆಗೆ ಸಾಹೇಬರು. "ನಾಳೆ ನೋಡ್ಕೋತೀನಿ" ಅಂದರು.

ಮಗಳು ಹಲ್ಲಿನಿಂದ ಗಂಟು ಬಿಚ್ಚಿದಳು. ಪಟ್ಟಿಗಳನ್ನು ಒಂದೊಂದೇ ಬಿಡಿಸಿ ಹೊಸ್ತಿಲ ಒಳಗಡೆ, ಬೆಳಿಗ್ಗೆ ತಾಯಿ ಒರೆಸಿದ್ದ ನೆಲದ ಮೇಲೆ ಇಟ್ಟಳು. ಎರಡೂ ಕೈಯದು. ಬೆವರಿಗೆ ಬೆಂದು ಬೆಳ್ಳಗಾದ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡಳು. ಗಾಡಿಯ ಚಿಲಕ ತೆಗೆದು ನಾಯಿ ಇಳಿಸಲೂ ಹೋಗಲಿಲ್ಲ, ಬಲೆ ಒಳಗಿಡಲೂ ಹೋಗಲಿಲ್ಲ.

"ನಾಳೆ ಇವು ಬೇಡವಾ?" ಅಂದಳು ತಾಯಿ.

"ಬೇಡ. ಕೊಟ್ಟಾಗ ಹಿಡೀತೀನಿ."

ಅಂಗಳ ಖಾಲಿಯಾಗುತ್ತಾ ಬಂತು. ಒಳಗೆ ಗುಮಾಸ್ತ ಒಬ್ಬನೇ ಉಳಿದಿದ್ದ. ಹದಿನೈದು ಲೋಟ ತೊಳೆಯದೆ ಹಾಗೇ ಇದ್ದವು.

"ನಡಿಯವ್ವಾ" ಅಂದಳು ಮಗಳು. "ಕಾಲು ಜೋಮು ಹಿಡಿದಿರುತ್ತೆ."

ಬಾಗಿಲವ್ವ ಮೊಣಕಾಲು ತಿಕ್ಕಿಕೊಂಡಳು. ತಲೆಯನ್ನು ಚೌಕಟ್ಟಿಗೆ ಆನಿಸಿ, ಕಣ್ಣು ಮುಚ್ಚಿದಳು.

"ತಾಳು" ಅಂದಳು. "ಹದಿನೇಳು ಆಯ್ತು. ಹದಿನೆಂಟು ಇನ್ನೂ ಓದಿಲ್ಲ."